ತಂಗಿಯ ಐಸ್ ತೊಟ್ಟಿ

ಅಭ್ಯಾಸ ಮುಗಿದ ಕೂಡಲೇ ಕೋಚ್ ಇವತ್ತೂ ತಂಗಿಯನ್ನೇ ಐಸ್ ತೊಟ್ಟಿಗೆ ಕಳಿಸಿದರು. ಜಿಮ್ಮಿನಲ್ಲಿ ಇದ್ದದ್ದು ಅದೊಂದೇ ತೊಟ್ಟಿ. ಬಾರ್‌ನಿಂದ ಭಾರದ ಪ್ಲೇಟುಗಳನ್ನು ಕಳಚುತ್ತಿದ್ದ ಅಕ್ಕ, ಎದೆಮಟ್ಟ ನೀರಿನಲ್ಲಿ ಹಲ್ಲು ಕಟಕಟಿಸುತ್ತ ಕೂತವಳನ್ನು ಓರೆಗಣ್ಣಿನಲ್ಲಿ ನೋಡಿದಳು. ಐಸಿನಲ್ಲಿ ಕೂತವಳು ತಂಗಿ, ಉರಿ ಹತ್ತಿದ್ದು ಅಕ್ಕನಿಗೆ.

ಎಂಟು ವರ್ಷದಿಂದ ಭಾರ ಎತ್ತುತ್ತಿರುವವಳು ಅಕ್ಕ. ತಂಗಿಯ ಕೈ ಹಿಡಿದು ಇಲ್ಲಿಗೆ ಕರೆತಂದವಳೂ ಅವಳೇ. ಈಗ ನೋಡಿದರೆ ಇಬ್ಬರದೂ ಒಂದೇ ತೂಕದ ವಿಭಾಗ. ತಂಡದಲ್ಲಿರುವುದು ಒಂದೇ ಜಾಗ. ಆಯ್ಕೆಗೆ ಉಳಿದಿರುವುದು ಎರಡು ತಿಂಗಳು. ತಂಗಿ ಎತ್ತುವುದು ಅಕ್ಕನಿಗಿಂತ ಒಂದೇ ಕಿಲೋ ಕಡಿಮೆ. ಆ ಒಂದು ಕಿಲೋ ಅಕ್ಕನ ನಿದ್ದೆ ಕೆಡಿಸಿತ್ತು.

ತಡೆಯಲಾರದೆ ಅವಳು ಫಿಸಿಯೋ ಕೋಣೆಗೆ ನುಗ್ಗಿದಳು. ಫಿಸಿಯೋ ಮೇಡಂ ಕೆಲಸಕ್ಕೆ ಸೇರಿ ಇನ್ನೂ ವಾರವಷ್ಟೇ ಆಗಿತ್ತು.

"ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂದ್ರೆ ಇದೇ ಮೇಡಂ. ನಂಗೇನು ಮೈಕೈ ನೋಯಲ್ವಾ? ನಂಗೂ ಐಸ್ ಕೊಡ್ಸಿ."

ಫಿಸಿಯೋ ಅವಳ ಭುಜ ಒತ್ತಿ ನೋಡಿದರು. "ಸದ್ಯ, ನಿಂಗೆ ಕೊಟ್ಟಿಲ್ವಲ್ಲ ಅನ್ಕೋ. ಐಸಿಂದ ನೋವು ಬೇಗ ಇಳಿಯುತ್ತೆ, ಅದು ನಿಜ. ಆದ್ರೆ ಭಾರ ಎತ್ತಿದ್ಮೇಲೆ ಸ್ನಾಯು ತನ್ನನ್ನ ತಾನೇ ರಿಪೇರಿ ಮಾಡ್ಕೊಂಡು ಗಟ್ಟಿಯಾಗ್ಬೇಕು. ದಿನಾ ಎತ್ತಿದ ತಕ್ಷಣ ತಣ್ಣಗೆ ಮಾಡಿದ್ರೆ ಆ ಕೆಲಸ ಕುಂಟುತ್ತೆ. ಬರಬೇಕಾದಷ್ಟು ಬಲ ಬರಲ್ಲ."

"ಕೋಚ್‌ಗೆ ಗೊತ್ತಿಲ್ವಾ ಇದು?"

"ಹೇಳ್ದೆ. 'ಮೊನ್ನೆ ಬಂದವರು ನೀವು, ನಂಗೆ ಪಾಠ ಹೇಳ್ಬೇಡಿ' ಅಂದ್ರು. ನೀನೇ ತಂಗಿಗೆ ಹೇಳಮ್ಮ. ಅಕ್ಕನ ಮಾತು ಅಂದ್ರೆ ಕೇಳ್ತಾಳೆ."

ಅಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹಾಗಾದದ್ದಕ್ಕೆ ನಾಚಿಕೆಯೂ ಆಯಿತು ಅನ್ನಿ. ಆದರೆ ಹಾಲು ಹಾಲೇ. ಹೇಳಿಬಿಡಬೇಕು, ಎಷ್ಟಾದರೂ ಒಡಹುಟ್ಟಿದವಳು ಎಂದುಕೊಳ್ಳುತ್ತ ಅವಳು ಹತ್ತು ಹೆಜ್ಜೆಯ ಪಡಸಾಲೆಯನ್ನು ಆದಷ್ಟು ನಿಧಾನವಾಗಿ ದಾಟಿದಳು.

ತಂಗಿ ಅಷ್ಟರಲ್ಲೇ ತೊಟ್ಟಿಯಿಂದ ಎದ್ದು, ಟವೆಲ್ ಸುತ್ತಿಕೊಂಡು ನಡುಗುತ್ತ ನಿಂತಿದ್ದಳು.

"ಅಕ್ಕಾ, ಬೇಗ ಇಳಿ. ಇನ್ಮೇಲೆ ಅರ್ಧ ಹೊತ್ತು ನಾನು, ಅರ್ಧ ಹೊತ್ತು ನೀನು. ಕೋಚ್ ಹತ್ರ ಜಗಳ ಆಡಿ ಒಪ್ಪಿಸಿದೀನಿ. ನಂಗೊಬ್ಳಿಗೇ ಅನುಕೂಲ ಆಗಿ ನಾನು ಗೆದ್ರೆ ಅದು ಮೋಸ ಅಲ್ವಾ?"

ಹೇಳಬೇಕಾದ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

"ನಂಗೆ ಚಳಿ ತಡಿಯೋಕಾಗಲ್ಲ ಕಣೇ," ಎಂದಳು. "ನೀನೇ ಕೂತ್ಕೋ. ಪೂರ್ತಿ ಹೊತ್ತು."

ತಂಗಿ ಅವಳ ಕೆನ್ನೆ ಹಿಂಡಿ ಮತ್ತೆ ನೀರಿಗಿಳಿದಳು. ಅಕ್ಕ ಮೂಲೆಯಲ್ಲಿದ್ದ ಬಕೆಟ್ ಎತ್ತಿಕೊಂಡು, ಉಳಿದ ಐಸನ್ನೆಲ್ಲ ಅವಳ ಎರಡೂ ಭುಜದ ಸುತ್ತ, ಒಂದು ಚೂರೂ ಹೊರಗೆ ಬೀಳದ ಹಾಗೆ ಸುರಿದಳು.