ಪೊಳ್ಳು ಮರಗಳು

ಚಾರಣಿಗರ ಗುಂಪು ಬೆಳಿಗ್ಗೆಯಿಂದ ಬೀಟೆ, ಹೊನ್ನೆ, ಮತ್ತಿ ಮರಗಳ ನೆರಳಲ್ಲೇ ನಡೆದಿತ್ತು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯನಾದ ಅಜ್ಜ, ಮೂರಾಳು ತಬ್ಬುವಷ್ಟು ದಪ್ಪದ ಬೀಟೆಯೊಂದರ ಮುಂದೆ ನಿಂತುಬಿಟ್ಟ.

"ಇಷ್ಟೊಂದು ಮರ ಹೇಗಪ್ಪಾ ಉಳೀತು?"

ಗೈಡ್ ನಕ್ಕ. "ಆಗಿನ ಗಾರ್ಡ್ ಶುದ್ಧ ಪೆದ್ದ, ಅಜ್ಜ. ಕಡಿಯೋ ಮರಕ್ಕೆ ನಂಬರ್ ಹಾಕು ಅಂತ ಕಳ್ಸಿದ್ರೆ, ಎಲ್ಲಾ ಪೊಳ್ಳು, ಕಡಿದು ಪ್ರಯೋಜನ ಇಲ್ಲ ಅಂತ ಬರ್ಕೊಟ್ಟನಂತೆ. ಸಾಹೇಬ್ರಿಗೆ ಗೊತ್ತಾಗೋ ಹೊತ್ತಿಗೆ ಕಡಿಯೋದೇ ನಿಷೇಧ ಆಗಿತ್ತು. ಅವನನ್ನ ಕೆಲಸದಿಂದ ಕಿತ್ತುಹಾಕಿದ್ರು. ಒಂದ್ಸಲ ತಟ್ಟಿ ನೋಡೋಕೇನಾಗಿತ್ತು ಅವನಿಗೆ?"

ಅಜ್ಜ ಊರುಗೋಲಿನಿಂದ ಮರವನ್ನು ತಟ್ಟಿದ. ಗಟ್ಟಿ ಸದ್ದು ಬಂತು.

"ಒಂದೊಂದನ್ನೂ ತಟ್ಟಿ, ಗಟ್ಟಿ ಅಂತ ಖಾತ್ರಿಯಾದ್ಮೇಲೇ ಪೊಳ್ಳು ಅಂತ ಬರ್ದಿದ್ದೆ ಕಣಪ್ಪಾ."