ಶಾಲೆಯ ಹಿಂದಿನ ಗೋಡೆ

ಥಪ್. ಮತ್ತೆ ಥಪ್.

ಕಸ್ತೂರಬಾಯಿ ಬಳಪ ಹಿಡಿದ ಕೈಯನ್ನು ಹಲಗೆಯ ಮೇಲೆಯೇ ನಿಲ್ಲಿಸಿ ಹಲ್ಲು ಕಚ್ಚಿದಳು. ಶಾಲೆಯ ಹಿಂದಿನ ಗೋಡೆಗೆ ಊರ ಹೆಂಗಸರು ಕುಳ್ಳು ಬಡಿಯುತ್ತಿದ್ದರು. ಊರಲ್ಲಿ ಇಷ್ಟೊಂದು ಗೋಡೆಗಳಿದ್ದರೂ ಸಗಣಿಗೆ ಈ ಗೋಡೆಯೇ ಬೇಕಿತ್ತು, ಅದೂ ಪಾಠದ ಹೊತ್ತಿಗೇ. ಅವಳು ಬರುವ ಮೊದಲು ಇಲ್ಲಿ ಯಾರೂ ಕುಳ್ಳು ಬಡಿಯುತ್ತಿರಲಿಲ್ಲವಂತೆ.

ಇದು ಮನ್ಮಥಪ್ಪ ಪಾಟೀಲರದೇ ಹುನ್ನಾರ, ಸಂಶಯವಿಲ್ಲ. ಶಾಲೆ ನಡೆಯುವ ಕೋಣೆ ಅವರದು. ಮೊದಲು ಅದರಲ್ಲಿ ಅವರ ಜೋಳದ ಚೀಲಗಳಿದ್ದವು. ಬಾಯಿಬಿಟ್ಟು ಹೋಗೆನ್ನಲಾರದೆ ಓಣಿಯ ಸೊಸೆಯಂದಿರ ಕೈಗೆ ಸಗಣಿ ಬುಟ್ಟಿ ಕೊಟ್ಟು ಛೂ ಬಿಟ್ಟಿದ್ದಾರೆ.

ಹೋದ ವರ್ಷ ಗಡಿ ಎಳೆದಾಗ ಔರಾದ ಶಹಾಜನಿ ಬದಿಯ ಈ ಹಳ್ಳಿ ಮುಂಬಯಿ ರಾಜ್ಯಕ್ಕೆ ಬಂತು. ಹೊಲಗಳಾಚೆಯ ಬೀದರ ಮೈಸೂರಿಗೆ ಹೋಯಿತು. ನಿಲಂಗಾದ ಶಿಕ್ಷಣ ಖಾತೆಯ ಸಾಹೇಬರು ಕಸ್ತೂರಬಾಯಿಗೆ ನೇರವಾಗಿಯೇ ಹೇಳಿದ್ದರು: ಮಕ್ಕಳ ಮನೆಯವರು ಸಭೆಗೆ ಬಂದು ಬೇಕೆಂದರೆ ಕನ್ನಡ ವರ್ಗ ಉಳಿಯುತ್ತದೆ, ಯಾರೂ ಬರದಿದ್ದರೆ ಹಾಗೆಂದು ಬರೆದು ಕಳಿಸಿ, ಮುಚ್ಚೋಣ.

ಅವಳು ಉದಗೀರದವಳು. ಅವಳ ಅಜ್ಜಿ ಕಥೆ ಹೇಳಿದರೆ ಒಲೆಯ ಮುಂದಿನ ಬೆಕ್ಕೂ ಹೂಂಗುಟ್ಟುತ್ತಿತ್ತು. ಆ ಕಥೆಗಳನ್ನೇ ಬಂಡವಾಳ ಮಾಡಿಕೊಂಡು ಒಂದೊಂದು ಅಕ್ಷರಕ್ಕೆ ಒಂದೊಂದು ಕಥೆ ಕಟ್ಟಿದ್ದಳು. ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಬರೆಯಬೇಕು, ಮನೆಗೆ ಹೋಗಿ ಅವ್ವನಿಗೆ ತೋರಿಸಬೇಕು. ಹೊಸ್ತಿಲು ದಾಟದ ಅಕ್ಷರ ನೆಂಟನಂತೆ, ಎರಡು ದಿನ ಇದ್ದು ಹೋಗಿಬಿಡುತ್ತದೆ ಎಂದು ಅವಳ ನಂಬಿಕೆ.

"ನಿನ್ನಿ ಕಲ್ತಿದ್ದು ಅವ್ವಗ ತೋರಿಸಿದ್ರೇನು?"

"ತೋರಸಾದು ಬ್ಯಾಡ ಅಂದಾಳ್ರಿ," ಅಂದಳು ಒಬ್ಬ ಹುಡುಗಿ. ಉಳಿದವರೂ ಅದನ್ನೇ ಅಂದರು.

ಕಸ್ತೂರಬಾಯಿಯ ಮುಖ ಬಾಡಿತು. ಆದರೂ ಆ ದಿನದ ಕಥೆ ಬಿಡಲಿಲ್ಲ. ಇಲಿಯೊಂದು ಮುದುಡಿ ಕೂತಿತ್ತು, ಅದು ಉ. ಹಿಂದಿನಿಂದ ಬೆಕ್ಕು ಬಂದು ಬಾಲ ಕಚ್ಚಿ ಎಳೆಯಿತು, ಬಾಲ ಉದ್ದಾಯಿತು, ಇಲಿ ಊಊ ಎಂದು ಚೀರಿತು. ಅದು ಊ. ಮಕ್ಕಳು ನಕ್ಕರು. ಹಿಂದಿನ ಕಿಟಕಿಯಾಚೆ ಯಾರೋ ಅದಕ್ಕಿಂತ ಜೋರಾಗಿ ಕಿಸಕ್ಕೆಂದರು. ಒಂದು ಹಸಿರು ಸೆರಗು ಸರಕ್ಕನೆ ಮರೆಯಾಯಿತು.

ಅಣಕ! ಮೂಗಿಗೆ ಸೆರಗು ಹಿಡಿದು ಅವಳು ಕಿಟಕಿಗೆ ಹೋದಳು. "ನಿಮಗ ಬ್ಯಾರೆ ಗ್ವಾಡಿ ಇಲ್ಲೇನ್ರೀ?"

"ಈ ಗ್ವಾಡಿಗಿ ಬಿಸಲು ಛಲೋ ಬೀಳ್ತದ್ರಿ ಬಾಯೋರ," ಎಂದಿತು ಕುರಿಗಾರರ ಬಂಡಮ್ಮನ ದನಿ. "ನಿಮ್ಮ ಕೆಲಸ ನೀವು ಮಾಡ್ರಿ, ನಮ್ಮದು ನಾವು ಮಾಡ್ತೀವಿ. ಖರೆ ಜರಾ ಗಟ್ಟಿ ಹೇಳ್ರಿ. ಸೊಳ್ಳಿ ಗುಂಯ್ ಅಂದಂಗ ಅಂತೀರಿ!"

ನಗೆ ಎದ್ದಿತು. ಕಸ್ತೂರಬಾಯಿ ಕಿಟಕಿಯ ಕದ ದಢಾರನೆ ಹಾಕಿದಳು.

"ಬಾಯೋರ, ಮುಚ್ಚಬ್ಯಾಡ್ರಿ! ಕುಳ್ಳ ಒಣಗಂಗಿಲ್ಲ!"

ಒಳಗಿನ ಕಿಟಕಿಗೂ ಹೊರಗಿನ ಸಗಣಿಗೂ ಏನು ಸಂಬಂಧ? ಮರುದಿನ ಬೆಳಿಗ್ಗೆ ನೋಡಿದರೆ ಕಿಟಕಿಗೆ ಕದವೇ ಇರಲಿಲ್ಲ.

ಅವಳು ಸಿಟ್ಟಿನಿಂದ ಪಾಟೀಲರ ಕಟ್ಟೆಗೆ ಹೋದಳು. ಅವರು ಅಡಿಕೆ ಕತ್ತರಿಸುತ್ತ ಕೇಳಿದರು. "ಕುಳ್ಳ ಬಡಿಯೋ ಜಾಗಾ ಹೆಣ್ಮಕ್ಕಳದ್ರಿ ಬಾಯೋರ. ಆ ಕಡಿ ಗಂಡಸ್ರು ಹಣಿಕಿ ಸುದ್ದಾ ಹಾಕಂಗಿಲ್ಲ. ನಾ ಹ್ಯಾಂಗ ಹೋಗಿ ಕೇಳ್ಲಿ?"

"ಹಂಗಾದ್ರ ಆಯ್ತವಾರ ಸಭಾಕ್ಕರ ಅವರ್ನ ಕಳಸ್ರಿ."

"ಸೊಸ್ತೇರು ಬಂದು ಗಂಡಸ್ರ ಸರಿ ಜಮಖಾನದ ಮ್ಯಾಲ ಕೂಡ್ತಾರೇನ್ರಿ? ಅತ್ತೆಂದ್ರು ಮನ್ಯಾಗ ಕರಕೋತಾರೇನು ಮತ್ತ!" ಅವರು ಹೊಟ್ಟೆ ಕುಣಿಸಿ ನಕ್ಕರು.

ಆದರೂ ಅವಳು ಮನೆಮನೆಗೆ ಹೋಗಿ ಕರೆದಳು. ಎಲ್ಲರೂ ಬೆಲ್ಲ ನೀರು ಕೊಟ್ಟರು. ಬರುತ್ತೇನೆಂದು ಒಬ್ಬರೂ ಅನ್ನಲಿಲ್ಲ.

ಆಯ್ತವಾರ ಮಧ್ಯಾಹ್ನ ಜಮಖಾನ ಹಾಸಿ, ತಟ್ಟೆಯಲ್ಲಿ ಸಕ್ಕರೆ, ಎಲೆ ಅಡಿಕೆ ಇಟ್ಟು ಕಾದಳು. ಬಂದವರು ಪಾಟೀಲರೊಬ್ಬರೇ. ಎಲೆ ಅಡಿಕೆಯೆಲ್ಲ ಅವರೇ ಮುಗಿಸಿದರು. ಹಿಂದಿನ ಗೋಡೆಗೆ ಮಾತ್ರ ಆ ದಿನ ಎಂದಿಗಿಂತ ಹೆಚ್ಚು ಕೈಗಳು ಬಿದ್ದಿದ್ದವು. ಇಷ್ಟು ಸಗಣಿ ಇವತ್ತೇ ಎಲ್ಲಿಂದ ಬಂತೋ! ಖಾಲಿ ಕೋಣೆಗೆ ಅವಳು ಮಾತಾಡಲು ನಿಂತಾಗ ಹಿಂದೆ ಗಪ್ಪಾಯಿತು. ನಡುವೆಯೇ ಮಾತು ನಿಲ್ಲಿಸಿದಾಗ ಮತ್ತೆ ಥಪ್.

"ಆತಲ್ರೀ ಸಭಾ," ಎಂದು ಪಾಟೀಲರು ಎದ್ದರು.

ಸಂಜೆ ತನ್ನ ಕೋಣೆಯಲ್ಲಿ ಕೂತು ಸಾಹೇಬರಿಗೆ ಬರೆದಳು: ಇಲ್ಲಿಯ ಮನೆಗಳಿಗೆ ಅಕ್ಷರ ಬೇಕಿಲ್ಲ. ವರ್ಗ ಮುಚ್ಚಬಹುದು.

ಬಾಗಿಲಲ್ಲಿ ಬಂಡಮ್ಮ ನಿಂತಿದ್ದಳು, ಹಣೆಯಲ್ಲಿ ಬೀರಪ್ಪ ದೇವರ ಭಂಡಾರದ ಅರಿಸಿನ, ತಲೆಯ ಮೇಲೆ ಕುಳ್ಳಿನ ಬುಟ್ಟಿ. ಒಲೆಗೆಂದು ಆಕೆಯೇ ತಂದು ಹಾಕುತ್ತಿದ್ದಳು. "ಹೋದ ವಾರದವು. ಕಟಕಟ ಒಣಗ್ಯಾವ," ಎಂದು ಮೂಲೆಯಲ್ಲಿ ಒಟ್ಟಿದಳು. ಹೋಗುವಾಗ ಎಂದಿನಂತೆ ಅದೇ ಮಾತು: "ನೋಡಿ ಒಲಿಗಿ ಹಾಕ್ರಿ ಬಾಯೋರ."

ನೋಡುವುದೇನು, ಚೇಳಿರುತ್ತವೆ! ಆ ಹೆದರಿಕೆಗೇ ಕಸ್ತೂರಬಾಯಿ ಬಂದ ದಿನದಿಂದ ಕುಳ್ಳನ್ನು ಚಿಮಟದಲ್ಲಿ ಹಿಡಿದು, ಮುಖ ತಿರುಗಿಸಿ ಉರಿಗೆ ಎಸೆಯುತ್ತಿದ್ದಳು.

ಲಕೋಟೆಗೆ ಮುದ್ರೆ ಹಾಕಬೇಕು, ಅರಗು ಕರಗಿಸಬೇಕು. ಒಲೆ ಹೊತ್ತಿಸಲು ಚಿಮಟ ಹಾಕಿ ಒಂದು ಕುಳ್ಳು ಎಳೆದಳು. ಅದು ಜಾರಿ ನೆಲಕ್ಕೆ ಬಿದ್ದು ಅಂಗಾತವಾಯಿತು. ಅವಳು ಚಂಗನೆ ಹಿಂದೆ ಸರಿದು, ದೀಪ ಬಗ್ಗಿಸಿ ನೋಡಿದಳು.

ಚೇಳಿರಲಿಲ್ಲ. ಬಡಿದ ಕೈಯ ಐದು ಬೆರಳಿನ ಗುರುತೂ ಇರಲಿಲ್ಲ.

ಒಂದೇ ಬೆರಳಿನಿಂದ ಎಳೆದ ಊ ಇತ್ತು; ಬಾಲ ಈಗಷ್ಟೇ ಬೆಕ್ಕಿನ ಬಾಯಿಂದ ಬಿಡಿಸಿಕೊಂಡಷ್ಟು ಉದ್ದ.