ಬಚ್ಚಲಿನ ಏಂಜೆಲ್ ಜಲಪಾತ

ಸುಟ್ಟ ಗಾಯದ ಮುಲಾಮಿನ ವಾಸನೆ ಬಂದರೆ ಇಂದಿಗೂ ನನಗೆ ಕುವೈತಿನ ಆ ಬಚ್ಚಲು ನೆನಪಾಗುತ್ತದೆ.

ಕುವೈತಿನ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಸುಡುತ್ತಿತ್ತು. ಹಾಗಾಗಿ ಗೀಸರ್ ಆರಿಸಿಟ್ಟು, ಅದರೊಳಗೆ ತಣಿದ ನೀರನ್ನೇ ಸ್ನಾನಕ್ಕೆ ಬಳಸುತ್ತಿದ್ದೆವು. ಮೈಸೂರಿನಿಂದ ಆಗಷ್ಟೇ ಬಂದಿದ್ದ ಚಿಕ್ಕಮ್ಮನ ಮಗಳು ಪುಟ್ಟಿಗೆ ಇದು ತಿಳಿದಿರಲಿಲ್ಲ. ಆ ಮಧ್ಯಾಹ್ನ ದೊಡ್ಡಪ್ಪ ವೆನೆಜುವೆಲಾದಲ್ಲಿ ತಾವು ತೆಗೆದ ಏಂಜೆಲ್ ಜಲಪಾತದ ಫೋಟೊ ತೋರಿಸಿದರು. ಮೋಡದಿಂದಲೇ ಸುರಿಯುವಂತಿದ್ದ ಆ ನೀರನ್ನು ಪುಟ್ಟಿ ಜಿಡ್ಡುಗೈಯಲ್ಲಿ ಸವರಿಬಿಟ್ಟಳು. ದೊಡ್ಡಪ್ಪ ಎಷ್ಟು ಒರೆಸಿದರೂ ಫೋಟೊದ ಮೇಲಿನ ಕಲೆ ಹೋಗಲಿಲ್ಲ.

“ಇದರ ಕೆಳಗೆ ನಿಲ್ಬೇಕು ದೊಡ್ಡಪ್ಪ!”

“ಬಾರೇ, ನಿಲ್ಲಿಸ್ತೀನಿ.”

ಬಚ್ಚಲಲ್ಲಿ, ಟ್ಯಾಂಕಿನಿಂದ ನೇರವಾಗಿ ಬರುವ ತಣ್ಣೀರಿನ ನಲ್ಲಿ ತಿರುಗಿಸಿ, ಅವಳನ್ನು ಶವರ್ ಕೆಳಗೆ ನೂಕಿದರು. ಚೀರಾಟ ಕೇಳಿ ಅಮ್ಮ ಓಡಿಬಂದು ಎಳೆದುಕೊಳ್ಳುವಷ್ಟರಲ್ಲಿ ಹೆಗಲ ತುಂಬ ಬೊಬ್ಬೆಗಳೆದ್ದಿದ್ದವು.

“ಅಯ್ಯೋ ಭಾವ, ಗೀಸರ್ ನೀರನ್ನೇ ಬಿಡಬೇಕಿತ್ತಲ್ವಾ?”

“ಮರೆತೇಬಿಟ್ಟೆ ಕಣಮ್ಮ.”

ಅವಳನ್ನು ನೂಕುವ ಮೊದಲು ಅವರು ನೀರಿಗೆ ಬೆರಳೊಡ್ಡಿದ್ದನ್ನೂ ಥಟ್ಟನೆ ಹಿಂದೆಗೆದು ಊದಿಕೊಂಡಿದ್ದನ್ನೂ ಬಾಗಿಲಲ್ಲಿದ್ದ ನಾನು ನೋಡಿದ್ದೆ.